ತುಪ್ಪದ ಮೇಲೆ ತಪ್ಪು ಹೊರಿಸುವ ಮೊದಲು: ಕಿಡ್ನಿ ಕಾಯಿಲೆಯ ಮಕ್ಕಳು ಮತ್ತು ಕೊಲೆಸ್ಟ್ರಾಲ್

(ಧಾರವಾಡದಲ್ಲಿ ಪಾಲಕರು ಮತ್ತು ಶಿಕ್ಷಕರ ಮುಂದೆ ಮಕ್ಕಳ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಹೋದ ವರ್ಷ ಮಳೆಗಾಲದಲ್ಲಿ ಗದಗ ಕಡೆಯ ತಾಯಿಯೊಬ್ಬರು ಐದು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನ ಕಣ್ಣ ಸುತ್ತ ಬಾವು. ಚಡ್ಡಿಯ ಲಾಡಿ ಹೊಟ್ಟೆಯ ಮೇಲೆ ಕಾಲುವೆಯಂತೆ ಗುರುತು ಬಿಟ್ಟಿತ್ತು. ಆಕೆ ಮೊದಲು ನನ್ನ ಮುಂದಿಟ್ಟದ್ದು ರಕ್ತ ಪರೀಕ್ಷೆಯ ಚೀಟಿ. ಒಟ್ಟು ಕೊಲೆಸ್ಟ್ರಾಲ್ 480. ಅದಕ್ಕೆ ಯಾರೋ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು.

“ತುಪ್ಪ ಬಂದ್ ಮಾಡೇವ್ರಿ ಡಾಕ್ಟ್ರ. ಹಾಲಿನ ಕೆನಿ ತಗದ ಕೊಡತೇವಿ. ಶೇಂಗಾ ಹಿಂಡಿ ಇಲ್ಲ, ತತ್ತಿ ಇಲ್ಲ. ಆದ್ರೂ ಇದು ಇಳಿವಲ್ದು.”

“ಎಷ್ಟ ದಿನಾ ಆತು?”

“ಎರಡ ತಿಂಗಳ ಮ್ಯಾಲಾತ್ರಿ.”

ಮನೆಯಲ್ಲಿ ಹುಡುಗನ ಅಜ್ಜನಿಗೆ ಹೃದಯದ ಆಪರೇಷನ್ ಆಗಿದೆ. ಹೀಗಾಗಿ ಕೊಲೆಸ್ಟ್ರಾಲ್ ಎಂಬ ಶಬ್ದ ಆ ಮನೆಗೆ ಹೊಸದಲ್ಲ. ಅಜ್ಜನಿಗೆ ಮಾಡುವ ಒಣ ರೊಟ್ಟಿ, ಒಗ್ಗರಣೆಯಿಲ್ಲದ ಸಾರು ಮೊಮ್ಮಗನ ತಾಟಿಗೂ ಬಂದಿತ್ತು. ಎಪ್ಪತ್ತರ ಅಜ್ಜ, ಐದರ ಮೊಮ್ಮಗ, ಇಬ್ಬರಿಗೂ ಒಂದೇ ಪಥ್ಯ. ನಾನು ಇವತ್ತು ಹೇಳಬೇಕಾದದ್ದೆಲ್ಲ ಈ ತಾಟಿನ ಸುತ್ತಲೇ ಇದೆ.

ಆ ಹುಡುಗನಿಗೆ ಇದ್ದದ್ದು ನೆಫ್ರೋಟಿಕ್ ಸಿಂಡ್ರೋಮ್. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕಿಡ್ನಿ ಕಾಯಿಲೆ. ಕಿಡ್ನಿಯ ಜಾಲರಿ ಸಡಿಲಾಗಿ ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿ ಹೋಗುತ್ತದೆ. ಅದರಲ್ಲಿ ಮುಖ್ಯವಾದದ್ದು ಅಲ್ಬುಮಿನ್. ಅದು ತಗ್ಗಿದಾಗ ಬಾವು ಬರುತ್ತದೆ. ಇಲ್ಲಿಯವರೆಗೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಇದಕ್ಕೂ ಕೊಲೆಸ್ಟ್ರಾಲಿಗೂ ಏನು ಸಂಬಂಧ?

ಹುಬ್ಬಳ್ಳಿ-ಧಾರವಾಡದವರಿಗೆ ನೀರಿನ ಟಾಕಿಯ ಕಷ್ಟ ನಾನು ಹೇಳಿಕೊಡಬೇಕಿಲ್ಲ. ಮಾಳಿಗೆ ಮೇಲಿನ ಟಾಕಿ ತಳದಲ್ಲಿ ಸೋರುತ್ತಿದೆ ಅನ್ನಿ. ಟಾಕಿ ಖಾಲಿಯಾದಂತೆಲ್ಲ ನೀವು ಮೋಟರ್ ಹಾಕುತ್ತೀರಿ. ಹಗಲು ರಾತ್ರಿ ಮೋಟರ್ ಓಡಿದರೆ ಸಂಪಿನ ತಳದ ರಾಡಿಯೂ ಮೇಲೆ ಬರುತ್ತದೆ. ನಮ್ಮ ದೇಹದ ಮೋಟರ್ ಲಿವರ್. ಅಲ್ಬುಮಿನ್ ಕಡಿಮೆಯಾಯಿತು ಎಂದು ಗೊತ್ತಾದ ಕೂಡಲೇ ಅದು ಜೋರಾಗಿ ಕೆಲಸಕ್ಕಿಳಿಯುತ್ತದೆ. ಅಲ್ಬುಮಿನ್ ಜೊತೆಗೆ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣಗಳನ್ನೂ ರಾಶಿ ರಾಶಿ ತಯಾರಿಸುತ್ತದೆ. ಅಲ್ಬುಮಿನ್ ಸಣ್ಣದು, ಸೋರಿಹೋಗುತ್ತದೆ. ಈ ಕಣಗಳು ದೊಡ್ಡವು, ಸೋರುವುದಿಲ್ಲ, ರಕ್ತದಲ್ಲೇ ಉಳಿಯುತ್ತವೆ. ಮೇಲಾಗಿ ಅವನ್ನು ಒಡೆದು ಖಾಲಿ ಮಾಡಬೇಕಾದ ಕಿಣ್ವಗಳೂ ಈ ಕಾಯಿಲೆಯಲ್ಲಿ ಮಂದವಾಗುತ್ತವೆ. ಕಾಯಿಲೆ ಜೋರಿದ್ದಾಗ ತೆಗೆದ ರಕ್ತವನ್ನು ಸ್ವಲ್ಪ ಹೊತ್ತು ನಿಲ್ಲಿಸಿಟ್ಟರೆ ಮೇಲಿನ ತಿಳಿ ಒಮ್ಮೊಮ್ಮೆ ನೀರು ಬೆರೆಸಿದ ಮಜ್ಜಿಗೆಯ ಹಾಗೆ ಬೆಳ್ಳಗೆ ಕಾಣುತ್ತದೆ. ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹುಡುಗರು ಅದನ್ನು ನೋಡಿ ಗಾಬರಿಯಾಗಿ ಫೋನ್ ಮಾಡುತ್ತಾರೆ.

ಹೀಗಿರುವಾಗ ತಾಟಿನ ಒಂದು ಚಮಚ ತುಪ್ಪ ತೆಗೆದರೆ 480 ಇಳಿಯುತ್ತದೆಯೇ? ಇಳಿಯಲಿಲ್ಲ. ಇಳಿದದ್ದು ಹುಡುಗನ ಮೈ. ಬಾವು ಇದ್ದಾಗ ತೂಕ 17 ಕಿಲೋ. ಬಾವು ಹೋದ ಮೇಲೆ ತೂಗಿದರೆ 14. ತೋಳು ಕಡ್ಡಿಯಾಗಿತ್ತು. ಆ ಬಾವು ಎರಡು ತಿಂಗಳಿಂದ ಹಸಿವನ್ನು ಮುಚ್ಚಿಟ್ಟುಕೊಂಡಿತ್ತು. ತಾಯಿ ಅವನ ತೋಳನ್ನು ತನ್ನ ಹೆಬ್ಬೆರಳು, ತೋರುಬೆರಳಿನಲ್ಲಿ ಸುತ್ತಿ ಹಿಡಿದು ನೋಡಿದರು. ಎರಡೂ ಬೆರಳು ಕೂಡಿದವು. ಆಕೆ ಅತ್ತರು. ಆಕೆಯ ತಪ್ಪು ಏನೂ ಇರಲಿಲ್ಲ, ಹೇಳಿದ್ದನ್ನು ನಿಷ್ಠೆಯಿಂದ ಮಾಡಿದ್ದರು.

ಚಿಕಿತ್ಸೆ ಕೊಲೆಸ್ಟ್ರಾಲಿಗೆ ಕೊಡಲಿಲ್ಲ, ಸೋರಿಕೆಗೆ ಕೊಟ್ಟೆವು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಆರು ವಾರ ದಿನಾಲೂ, ಮುಂದೆ ಆರು ವಾರ ದಿನ ಬಿಟ್ಟು ದಿನ. ಹತ್ತನೇ ದಿನಕ್ಕೆ ಮೂತ್ರ ತಿಳಿಯಾಯಿತು, ಅಂದರೆ ಪ್ರೋಟೀನು ಸೋರುವುದು ನಿಂತಿತು. ಕೊಲೆಸ್ಟ್ರಾಲ್ ಅಷ್ಟು ಬೇಗ ಇಳಿಯುವುದಿಲ್ಲ, ಅದು ವಾರಗಟ್ಟಲೆ ಹಿಂದೆ ಉಳಿಯುತ್ತದೆ. ಮೂರು ತಿಂಗಳಿಗೆ ನೋಡಿದಾಗ 178 ಇತ್ತು. ಆ ಹೊತ್ತಿಗೆ ಹುಡುಗ ತುಪ್ಪ, ತತ್ತಿ, ಹಾಲು ಎಲ್ಲವನ್ನೂ ತಿನ್ನುತ್ತಿದ್ದ. ಸ್ಟಿರಾಯ್ಡಿನಿಂದ ಹಸಿವು ಹೆಚ್ಚಾಗುತ್ತದೆ, ಹೀಗಾಗಿ ಮನೆಯವರೆಲ್ಲರ ಪಾಲೂ ಅವನೇ ತಿನ್ನುತ್ತಿದ್ದನಂತೆ. ನಾವು ಬಿಗಿ ಹಿಡಿದದ್ದು ಉಪ್ಪು, ಬೇಕರಿ ತಿಂಡಿ, ಸಕ್ಕರೆ, ಇಷ್ಟನ್ನೇ.

ಇಲ್ಲೊಂದು ಹಳೆಯ ಪರೀಕ್ಷೆಯ ಬಗ್ಗೆ ಹೇಳಿಬಿಡುತ್ತೇನೆ, ನನಗೆ ಅದರ ಮೇಲೆ ಬಹಳ ಪ್ರೀತಿ. ಮೂತ್ರದಲ್ಲಿ ಪ್ರೋಟೀನು ಇದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಬಣ್ಣದ ಪಟ್ಟಿ ಸಿಗುತ್ತದೆ. ಅದು ದುಬಾರಿ ಅನ್ನಿಸಿದರೆ ಗಾಜಿನ ಕೊಳವೆಯಲ್ಲಿ ಮುಂಜಾನೆಯ ಮೂತ್ರ ಹಿಡಿದು ಸಲ್ಫೋಸ್ಯಾಲಿಸಿಲಿಕ್ ಆಮ್ಲದ ಕೆಲವು ಹನಿ ಹಾಕಿ. ತಿಳಿಯಾಗಿಯೇ ಉಳಿದರೆ ಸಮಾಧಾನ. ಮಸುಕಾದರೆ ಕೊಳವೆಯ ಹಿಂದೆ ದಿನಪತ್ರಿಕೆ ಹಿಡಿಯಿರಿ. ಅಕ್ಷರ ಓದಲು ಬಂದರೆ ಕಡಿಮೆ ಸೋರಿಕೆ. ಅಕ್ಷರವೇ ಕಾಣದೆ ಹಾಲು ಒಡೆದಂತಾದರೆ ಜಾಸ್ತಿ, ಅದನ್ನು ಮೂರು ಪ್ಲಸ್ ಅನ್ನುತ್ತೇವೆ. ಮೂರು ದಿನ ಮುಂಜಾನೆ ಒಂದೇ ಸಮ ಮೂರು ಪ್ಲಸ್ ಬಂದರೆ ಕಾಯಿಲೆ ಮರಳಿತೆಂದೇ ಲೆಕ್ಕ. ಆ ಹುಡುಗನ ಅಪ್ಪ ಹಳೆಯ ಕ್ಯಾಲೆಂಡರಿನ ಹಿಂದೆ ಚೌಕದ ಮನೆ ಹಾಕಿ ಇದನ್ನು ದಿನಾಲೂ ಬರೆಯುತ್ತಾರೆ. ಆ ಕ್ಯಾಲೆಂಡರ್ ನನಗೆ ಯಾವ ಲಿಪಿಡ್ ರಿಪೋರ್ಟಿಗಿಂತಲೂ, ಅಂದರೆ ರಕ್ತದ ಕೊಬ್ಬಿನ ಚೀಟಿಗಿಂತಲೂ, ಹೆಚ್ಚು ಹೇಳುತ್ತದೆ.

ಇದನ್ನು ಕೇಳಿ ನೀವು ಕೊಲೆಸ್ಟ್ರಾಲ್ ಚಿಂತೆಯೇ ಬೇಡ ಎಂದು ಮನೆಗೆ ಹೋದರೆ ಅದೂ ತಪ್ಪಾಗುತ್ತದೆ. ಸ್ಟಿರಾಯ್ಡಿಗೆ ಬಗ್ಗುವ ನೆಫ್ರೋಟಿಕ್ ಮಕ್ಕಳ ಮಾತು ಅದು. ಅಂಥವರೇ ಬಹುಪಾಲು. ಸ್ಟಿರಾಯ್ಡಿಗೆ ಬಗ್ಗದ ಮಕ್ಕಳಿದ್ದಾರೆ. ಅವರ ಸೋರಿಕೆ ವರ್ಷಗಟ್ಟಲೆ ನಿಲ್ಲುವುದಿಲ್ಲ, ಕೊಲೆಸ್ಟ್ರಾಲೂ ಅಷ್ಟೇ ವರ್ಷ ಮೇಲೆ ಉಳಿಯುತ್ತದೆ. ಅಂಥವರಲ್ಲಿ ಮಾತ್ರೆಯ ಯೋಚನೆ ಮಾಡುತ್ತೇವೆ. ಇನ್ನು ಕಿಡ್ನಿಯೇ ನಿಧಾನಕ್ಕೆ ಸವೆಯುತ್ತಿರುವ ಮಕ್ಕಳ ಕಥೆ ಬೇರೆ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ, ಹದಿಮೂರು ವರ್ಷ. ಹುಟ್ಟಿನಿಂದಲೇ ಮೂತ್ರ ಹಿಂದಕ್ಕೆ, ಕಿಡ್ನಿಯ ಕಡೆಗೆ ನುಗ್ಗುವ ತೊಂದರೆ. ಮಕ್ಕಳಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಬಿಪಿ, ಸಕ್ಕರೆ ಕಾಯಿಲೆ ಕಾರಣವಾಗುವುದು ಅಪರೂಪ. ಇಂಥ ಹುಟ್ಟು ದೋಷಗಳೇ ಹೆಚ್ಚು. ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಕ್ರಿಯೇಟಿನಿನ್ ಈ ಹುಡುಗಿಗೆ 1.4. ಊರಿನ ಕಡೆ ಯಾರೋ “ಸ್ವಲ್ಪ ಜಾಸ್ತಿ ಅಷ್ಟೇ” ಎಂದು ಕಳಿಸಿದ್ದರಂತೆ. ದೊಡ್ಡವರ ಲೆಕ್ಕದಲ್ಲಿ ಸ್ವಲ್ಪವೇ. ಮಕ್ಕಳಿಗೆ ಒಂದು ಸುಲಭ ಗುಣಾಕಾರ ಇದೆ, ಶಿಕ್ಷಕರು ಬರೆದುಕೊಳ್ಳಬಹುದು: ಎತ್ತರವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು 0.413ರಿಂದ ಗುಣಿಸಿ, ಕ್ರಿಯೇಟಿನಿನ್‌ನಿಂದ ಭಾಗಿಸಿ. ಅವಳ ಎತ್ತರ 136. ಗುಣಿಸಿ ಭಾಗಿಸಿದರೆ 40 ಬರುತ್ತದೆ. ಕಿಡ್ನಿಯ ಸೋಸುವ ಶಕ್ತಿ 40. ಈ ಅಂಕಿ 90ರ ಮೇಲಿರಬೇಕು. ಹದಿಮೂರರ ಹುಡುಗಿಗೆ 136 ಎತ್ತರ ಕೂಡ ಗಿಡ್ಡವೇ. ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂಬುದಕ್ಕೆ ಅದೂ ಸಾಕ್ಷಿ.

ಇವಳ ಲಿಪಿಡ್ ಚೀಟಿ ನೋಡಿ. ಕೆಟ್ಟ ಕೊಲೆಸ್ಟ್ರಾಲ್ ಎಂದು ನಾವು ಕರೆಯುವ ಎಲ್‌ಡಿಎಲ್ 98, ಅದು ಮಕ್ಕಳ ಲೆಕ್ಕದಲ್ಲಿ ಸರಿಯಾಗಿದೆ, 110ರ ಕೆಳಗಿದ್ದರೆ ಸಾಕು. ರಕ್ತದ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ ಮಾತ್ರ 240. ಅವಳ ವಯಸ್ಸಿಗೆ 90ರ ಕೆಳಗಿರಬೇಕು, 130 ದಾಟಿದರೆ ಜಾಸ್ತಿ. ಒಳ್ಳೆಯ ಎಚ್‌ಡಿಎಲ್ 34, ಅದು 45ರ ಮೇಲಿರಬೇಕಿತ್ತು. ಸವೆಯುವ ಕಿಡ್ನಿಯ ಮಾದರಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ನೆಫ್ರೋಟಿಕ್ ಹುಡುಗನಿಗೂ ಇವಳಿಗೂ ಇಬ್ಬರಿಗೂ “ಕೊಬ್ಬು ಜಾಸ್ತಿ” ಎಂದರೆ ಏನನ್ನೂ ಹೇಳಿದಂತಾಗಲಿಲ್ಲ.

ಇವಳ ಮನೆಯಲ್ಲೂ ಎಣ್ಣೆ ನಿಲ್ಲಿಸಿದ್ದರು. ಬದಲಿಗೆ ಏನು ಕೊಡುತ್ತಿದ್ದರು ಎಂದು ಕೇಳಿದೆ. ಗ್ಲುಕೋಸ್ ಬಿಸ್ಕಿಟ್, ಡಬ್ಬಿಯ ಹಣ್ಣಿನ ರಸ, ಸಕ್ಕರೆ ಹಾಕಿದ ಸಾಬುದಾನಿ ಗಂಜಿ, ದಿನಕ್ಕೆ ನಾಲ್ಕು ಸಲ ಚಹಾ. ನೋಡಿ, ಟ್ರೈಗ್ಲಿಸರೈಡ್ ಏರಿಸಲು ಇದಕ್ಕಿಂತ ಒಳ್ಳೆ ದಾರಿ ನನಗೂ ಹೊಳೆಯುವುದಿಲ್ಲ. ಎಣ್ಣೆ ಎಂಬ ಒಂದು ಹೆಸರಿಗೆ ಹೆದರಿ ಸಕ್ಕರೆಯನ್ನು ಬಾಗಿಲು ತೆರೆದು ಒಳಗೆ ಕರೆದಿದ್ದರು. ಸವೆದ ಕಿಡ್ನಿಯ ಮಗುವಿಗೆ ಹಸಿವೇ ಇರುವುದಿಲ್ಲ, ಎರಡು ತುತ್ತಿಗೆ ಸಾಕು ಅನ್ನುತ್ತದೆ. ಆ ಎರಡು ತುತ್ತಿನಲ್ಲಿ ಬೆಳೆಯಲು ಬೇಕಾದ ಶಕ್ತಿ ಹಾಕಬೇಕೆಂದರೆ ಎಣ್ಣೆ ಬಿಟ್ಟು ದಾರಿಯಿಲ್ಲ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ, ಸಕ್ಕರೆಯಲ್ಲಿ 4. ನಮ್ಮ ಗದಗ, ಧಾರವಾಡದ ಕರಿ ಮಣ್ಣಿನ ಕುಸುಬಿ ಎಣ್ಣೆ ಇದೆಯಲ್ಲ, ಮನೆಯಲ್ಲಿ ಸಿಗುತ್ತಿದ್ದರೆ ಅದನ್ನೇ ಬಳಸಿ. ಶೇಂಗಾ ಎಣ್ಣೆಯೂ ಆದೀತು. ಬೇಡವಾದದ್ದು ಡಾಲ್ಡಾ, ಮತ್ತು ಒಂದೇ ಎಣ್ಣೆಯನ್ನು ಮೂರು ದಿನ ಕಾಯಿಸಿ ಕರಿದ ಮಿರ್ಚಿ ಭಜಿ. ಮಿರ್ಚಿ ಅಂದಾಗ ಗದಗಿನವರು ನನ್ನ ಕಡೆ ಸಿಟ್ಟಿನಿಂದ ನೋಡುತ್ತಿದ್ದೀರಿ. ನಾನೂ ತಿನ್ನುತ್ತೇನೆ. ಆದರೆ ನನ್ನ ಕಿಡ್ನಿ ಚೆನ್ನಾಗಿದೆ.

ಎಳನೀರಿನದೊಂದು ಮಾತು, ಇದು ವಿಷಯಕ್ಕೆ ಸ್ವಲ್ಪ ಹೊರಗಿನದು. ಆಸ್ಪತ್ರೆಗೆ ನೋಡಲು ಬರುವ ಬೀಗರು ಕೈಯಲ್ಲಿ ಎರಡು ಎಳನೀರು ಹಿಡಿದೇ ಬರುತ್ತಾರೆ. ಕಿಡ್ನಿ ಸವೆದವರಿಗೆ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಕೊಲೆಸ್ಟ್ರಾಲ್ ಮೂವತ್ತು ವರ್ಷದ ನಂತರದ ಚಿಂತೆ, ಪೊಟ್ಯಾಸಿಯಂ ಇವತ್ತು ರಾತ್ರಿಯ ಚಿಂತೆ.

ಹಾಗಾದರೆ ಹೃದಯದ ಭಯ ಸುಳ್ಳೇ? ಸುಳ್ಳಲ್ಲ. ಚಿಕ್ಕಂದಿನಿಂದ ಕಿಡ್ನಿ ಕಾಯಿಲೆ ಇರುವವರಲ್ಲಿ ಇಪ್ಪತ್ತು, ಇಪ್ಪತ್ತೈದರ ಹರೆಯಕ್ಕೇ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿದ್ದನ್ನು ಡಯಾಲಿಸಿಸ್ ರೋಗಿಗಳ ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಅಂಥ ಹರೆಯದವರ ಜೀವ ತೆಗೆಯುವ ಮುಖ್ಯ ಕಾರಣಗಳಲ್ಲಿ ಹೃದಯದ ತೊಂದರೆಯೂ ಒಂದು. ಆದರೆ ಆ ನಾಳ ಕೆಡಿಸುವವರ ಸಾಲಿನಲ್ಲಿ ಕೊಲೆಸ್ಟ್ರಾಲ್ ಒಂದೇ ನಿಂತಿಲ್ಲ. ಫಾಸ್ಫರಸ್ ಇದೆ, ರಕ್ತಹೀನತೆ ಇದೆ, ಎಲ್ಲಕ್ಕಿಂತ ಮುಂದೆ ಬಿಪಿ ಇದೆ.

ಬಿಪಿಯ ಮೇಲೆ ನನಗೆ ಒತ್ತಿ ಹೇಳಬೇಕಿದೆ, ಏಕೆಂದರೆ ಅಲ್ಲಿ ಪುರಾವೆ ಗಟ್ಟಿ ಇದೆ. ಯುರೋಪಿನಲ್ಲಿ 385 ಮಕ್ಕಳ ಮೇಲೆ ನಡೆದ ಎಸ್ಕೇಪ್ ಎಂಬ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ. ಒಂದು ಗುಂಪಿನ ಬಿಪಿಯನ್ನು ಸಾಮಾನ್ಯ ಮಟ್ಟದಲ್ಲಿ ಹಿಡಿದರು, ಇನ್ನೊಂದರದನ್ನು ಅದಕ್ಕೂ ಕೆಳಗೆ ಬಿಗಿಯಾಗಿ ಹಿಡಿದರು. ಐದು ವರ್ಷದಲ್ಲಿ ಕಿಡ್ನಿಯ ಶಕ್ತಿ ಅರ್ಧಕ್ಕಿಳಿದವರು ಅಥವಾ ಪೂರ್ತಿ ಕಳೆದುಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 42, ಬಿಗಿ ಹಿಡಿದ ಗುಂಪಿನಲ್ಲಿ 30. ಹೀಗಾಗಿ ಹಾವೇರಿಯ ಹುಡುಗಿಗೆ ನಾನು ಮೊದಲು ಬರೆದದ್ದು ಬಿಪಿಯ ಔಷಧ. ಎರಡನೆಯದು ಉಪ್ಪು. ನಮ್ಮ ಕಡೆ ಊಟದಲ್ಲಿ ಉಪ್ಪು ಎಲ್ಲೆಲ್ಲಿ ಅಡಗಿದೆ ನೋಡಿ: ರೊಟ್ಟಿ ಪಲ್ಯದಲ್ಲಿ ಅಲ್ಲ, ಪಕ್ಕದಲ್ಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಚ್ಚಿ ಒಣಗಿಸಿದ ಮೆಣಸಿನಕಾಯಿ, ಹಿಂಡಿ. ಬ್ಯಾಡಗಿ ಮೆಣಸಿನಕಾಯಿಗೆ ನನ್ನ ತಕರಾರಿಲ್ಲ, ಅದರ ಜೊತೆ ಕುಟ್ಟುವ ಉಪ್ಪಿನ ಹರಳಿಗೆ ಇದೆ.

ಈಗ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗೆ ಬರೋಣ. ಸ್ಟ್ಯಾಟಿನ್. ನಿಮ್ಮ ಮನೆಯ ಹಿರಿಯರಲ್ಲಿ ಒಬ್ಬರಾದರೂ ರಾತ್ರಿ ನುಂಗುವ ಮಾತ್ರೆ. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಸುಮಾರು 6,000 ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬೂಷ್ಟಿನಲ್ಲಿ ಇದರ ಮೊದಲ ರೂಪವನ್ನು ಕಂಡುಹಿಡಿದರು. 1987ರಲ್ಲಿ ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. ದೊಡ್ಡವರ ಹೃದಯಕ್ಕೆ ಇದು ಮಾಡಿದ ಉಪಕಾರ ಸಣ್ಣದಲ್ಲ. ಕಿಡ್ನಿ ಕಾಯಿಲೆಯ ದೊಡ್ಡವರಲ್ಲೂ ನೋಡಿದರು. 2011ರ ಶಾರ್ಪ್ ಅಧ್ಯಯನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ, ಸಿಮ್ವಾಸ್ಟ್ಯಾಟಿನ್ ಮತ್ತು ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆಯ ಜೋಡಿ. ರಕ್ತನಾಳ ಕಟ್ಟಿಕೊಂಡು ಆಗುವ ದೊಡ್ಡ ಅನಾಹುತಗಳು ಶೇ. 17ರಷ್ಟು ಇಳಿದವು. ಆದರೆ ಅದಕ್ಕೂ ಮೊದಲು, 2005ರಲ್ಲಿ, ಜರ್ಮನಿಯಲ್ಲಿ ಡಯಾಲಿಸಿಸ್ ಮೇಲಿದ್ದ 1,255 ಸಕ್ಕರೆ ಕಾಯಿಲೆಯವರಿಗೆ ಅಟೋರ್ವಾಸ್ಟ್ಯಾಟಿನ್ ಕೊಟ್ಟು ನೋಡಿದಾಗ ಹೇಳಿಕೊಳ್ಳುವ ಲಾಭ ಸಿಕ್ಕಿರಲಿಲ್ಲ. ಡಯಾಲಿಸಿಸ್ ಹಂತ ಮುಟ್ಟಿದ ಮೇಲೆ ಮಾತ್ರೆ ಶುರುಮಾಡಿದರೆ ತಡವಾಯಿತೇನೋ ಎಂಬ ಅನುಮಾನ ಅಲ್ಲಿಂದ ಹುಟ್ಟಿತು.

ತಡವಾಗಬಾರದೆಂದರೆ ಮಕ್ಕಳಲ್ಲೇ ಶುರುಮಾಡಬಾರದೇಕೆ? ಯುವ ವೈದ್ಯರು ನನ್ನನ್ನು ಕೇಳುವ ಪ್ರಶ್ನೆ ಇದು, ಮತ್ತು ಒಳ್ಳೆಯ ಪ್ರಶ್ನೆ. ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಸಂಸ್ಥೆ ಕೆಡಿಗೋ 2013ರಲ್ಲಿ ಹೇಳಿದ್ದು ಇಷ್ಟು: 18ರೊಳಗಿನ ಕಿಡ್ನಿ ಕಾಯಿಲೆಯ ಮಕ್ಕಳಲ್ಲಿ ಲಿಪಿಡ್ ಪರೀಕ್ಷೆ ಮಾಡಿ, ವರ್ಷಕ್ಕೊಮ್ಮೆ ನೋಡುತ್ತಿರಿ, ಆದರೆ ಸ್ಟ್ಯಾಟಿನ್ ಶುರುಮಾಡದಿರುವುದು ಲೇಸು. ಡಯಾಲಿಸಿಸ್ ಆಗುತ್ತಿದ್ದರೂ, ಕಿಡ್ನಿ ಕಸಿ ಆಗಿದ್ದರೂ ಅಷ್ಟೇ. ಈ ಸಲಹೆಯನ್ನು ಅವರೇ ದುರ್ಬಲ ದರ್ಜೆಯದು ಎಂದು ಗುರುತು ಹಾಕಿದ್ದಾರೆ. ಮಕ್ಕಳಲ್ಲಿ ಮಾತ್ರೆ ಕೊಟ್ಟು, ಮೂವತ್ತು ವರ್ಷ ಕಾದು, ಹೃದಯ ಉಳಿಯಿತೇ ಎಂದು ಎಣಿಸಿದ ಅಧ್ಯಯನ ಇಲ್ಲ. ಕೊಲೆಸ್ಟ್ರಾಲ್ ಅಂಕಿ ಇಳಿಯುತ್ತದೆ, ಅದು ನಿಜ. ಅಂಕಿ ಇಳಿದರೆ ಆ ಮಗುವಿಗೆ ಒಳ್ಳೆಯದಾಗುತ್ತದೆಯೇ ಎಂಬಲ್ಲಿ ದಾರಿ ನಿಲ್ಲುತ್ತದೆ.

ನಾನು ಆ ಸಲಹೆಯನ್ನು ಬಹುಪಾಲು ಪಾಲಿಸುತ್ತೇನೆ, ಪೂರ್ತಿ ಅಲ್ಲ. ಯಾಕೆ ಎಂದು ಮೂರನೆಯ ಹುಡುಗನಿಂದ ಹೇಳುತ್ತೇನೆ.

ಹದಿನಾರು ವರ್ಷ, ಹುಬ್ಬಳ್ಳಿಯವನೇ. ತಾಯಿಯ ಕಿಡ್ನಿ ಕಸಿಯಾಗಿದೆ, ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಮೂತ್ರದಲ್ಲಿ ಸೋರಿಕೆ ಇಲ್ಲ. ಆದರೂ ಎಲ್‌ಡಿಎಲ್ 214. ಪಥ್ಯ ಮಾಡಿಸಿದೆವು, ಆರು ತಿಂಗಳಿಗೆ 205. ಕಸಿಯ ಔಷಧಗಳೂ ಕೊಲೆಸ್ಟ್ರಾಲ್ ಏರಿಸುತ್ತವೆ, ಸರಿ, ಆದರೆ ಇಷ್ಟಲ್ಲ. ಆಮೇಲೆ ಮನೆತನದ ಕಥೆ ಕೇಳಿದೆ. ಅಪ್ಪನಿಗೆ 38ಕ್ಕೆ ಹಾರ್ಟ್ ಅಟ್ಯಾಕ್, ದೊಡ್ಡಪ್ಪ 41ಕ್ಕೆ ಹೋದರು. ಇದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು, ಕೇಳಿರಲಿಲ್ಲ. ಅವನಿಗೆ ಕಿಡ್ನಿ ಕಾಯಿಲೆಯ ಜೊತೆಗೆ ವಂಶದಿಂದ ಬಂದ ಕೊಲೆಸ್ಟ್ರಾಲ್ ಕಾಯಿಲೆಯೂ ಇತ್ತು. ಹೆಚ್ಚು ಕಡಿಮೆ 250-300 ಜನರಲ್ಲಿ ಒಬ್ಬರಿಗೆ ಇರುವಂಥದ್ದು. ಇಲ್ಲಿ ಮಾತ್ರ ಮಕ್ಕಳ ಪುರಾವೆ ಇದೆ. ನೆದರ್ಲೆಂಡ್ಸ್‌ನಲ್ಲಿ ಇಂಥ 214 ಮಕ್ಕಳಿಗೆ ಸ್ಟ್ಯಾಟಿನ್ ಕೊಟ್ಟು ಇಪ್ಪತ್ತು ವರ್ಷ ಹಿಂದೆ ಬಿದ್ದು ನೋಡಿದರು, 2019ರಲ್ಲಿ ವರದಿ ಬಂತು. 39ರ ವಯಸ್ಸಿನೊಳಗೆ ಹೃದಯದ ಅನಾಹುತ ಅವರಲ್ಲಿ ನೂರಕ್ಕೆ ಒಬ್ಬರಿಗೆ. ಅದೇ ಕಾಯಿಲೆಯಿದ್ದು ಚಿಕ್ಕಂದಿನಲ್ಲಿ ಮಾತ್ರೆ ಸಿಗದ ಅವರ ತಂದೆ ತಾಯಿಗಳಲ್ಲಿ ನೂರಕ್ಕೆ 26 ಜನರಿಗೆ. ಈ ಹುಡುಗನಿಗೆ ಕಡಿಮೆ ಪ್ರಮಾಣದಲ್ಲಿ ಅಟೋರ್ವಾಸ್ಟ್ಯಾಟಿನ್ ಶುರುಮಾಡಿದೆ. ಶುರುಮಾಡುವ ಮೊದಲು ಲಿವರಿನ ಕಿಣ್ವ, ಸ್ನಾಯು ಒಡೆದರೆ ರಕ್ತದಲ್ಲಿ ಏರುವ ಸಿಕೆ ಎಂಬ ಕಿಣ್ವ ಎರಡನ್ನೂ ನೋಡಿಕೊಂಡೆ.

ಮುಂದೆ ಆದದ್ದನ್ನೂ ಕೇಳಿ. ನಾಲ್ಕು ತಿಂಗಳ ಮೇಲೆ ಹುಡುಗನಿಗೆ ಕೆಮ್ಮು. ಮನೆಯ ಹತ್ತಿರ ತೋರಿಸಿ ಕ್ಲಾರಿಥ್ರೋಮೈಸಿನ್ ತಂದರು. ಆರನೇ ದಿನ ಮಾಳಿಗೆ ಮೆಟ್ಟಿಲು ಹತ್ತಲಾಗದೆ ಕೂತುಬಿಟ್ಟ. “ತೊಡಿ ಹಿಂಡಿಧಂಗ ಆಗತೈತಿ” ಅಂದನಂತೆ. ಮೂತ್ರ ಕರಿ ಚಹಾದ ಬಣ್ಣ. ಆ ಆ್ಯಂಟಿಬಯೋಟಿಕ್ ಇದ್ದರೆ ದೇಹ ಸ್ಟ್ಯಾಟಿನನ್ನು ಕರಗಿಸಲಾರದು, ರಕ್ತದಲ್ಲಿ ಅದರ ಮಟ್ಟ ಏರಿ ಸ್ನಾಯು ಒಡೆಯುತ್ತದೆ, ಒಡೆದ ಸ್ನಾಯುವಿನ ಬಣ್ಣ ಕಿಡ್ನಿಗೆ ವಿಷ. ಕಸಿಯ ಔಷಧ ಟ್ಯಾಕ್ರೋಲಿಮಸ್ ಮಟ್ಟವೂ ಏರುತ್ತದೆ. ಕಸಿಯ ಇನ್ನೊಂದು ಔಷಧ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವ ಮಕ್ಕಳಲ್ಲಂತೂ ಆ್ಯಂಟಿಬಯೋಟಿಕ್ ಇಲ್ಲದೆಯೂ ಸ್ಟ್ಯಾಟಿನ್ ಹೀಗೆ ಮಾಡಬಲ್ಲದು. ಐದು ದಿನ ದಾಖಲಾಗಿ ಸಲೈನ್ ಮೇಲೆ ಇದ್ದ. ಕಿಡ್ನಿ ಉಳಿಯಿತು. ಈಗ ಅವನ ಪಾಕೀಟಿನಲ್ಲಿ ಒಂದು ಕಾರ್ಡ್ ಇದೆ, ತಾನು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಬರೆದದ್ದು. ಯಾವ ಅಂಗಡಿಗೆ, ಯಾವ ಡಾಕ್ಟರಿಗೆ ಹೋದರೂ ಮೊದಲು ಅದನ್ನು ತೋರಿಸುತ್ತಾನೆ. ನಿಮ್ಮ ಮಗುವಿಗೂ ಅಂಥದ್ದೊಂದು ಮಾಡಿಸಿ. ಹರೆಯದ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಇನ್ನೊಂದು ಸಾಲು ಬೇಕು: ಬಸುರಿನಲ್ಲಿ ಈ ಮಾತ್ರೆ ಬೇಡ. ಮದುವೆಯ ಮಾತು ಬರುವ ಮೊದಲೇ ಹುಡುಗಿಗೂ ತಾಯಿಗೂ ನಾವು ಅದನ್ನು ಹೇಳಿಬಿಡುತ್ತೇವೆ.

ಬೆಳ್ಳುಳ್ಳಿ ಗುಳಿಗೆ, ಮೀನಿನ ಎಣ್ಣೆ ಗುಳಿಗೆ ಬಗ್ಗೆ ಚೀಟಿ ಬಂದಿದೆ. ಕಿಡ್ನಿ ಮಕ್ಕಳಲ್ಲಿ ಅವುಗಳಿಂದ ಲಾಭವಾಗುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ನಾಟಿ ಔಷಧದ ಪುಡಿಗಳನ್ನು ದಯವಿಟ್ಟು ಕೊಡಬೇಡಿ, ಅವುಗಳಲ್ಲಿ ಕೆಲವು ಕಿಡ್ನಿಯನ್ನೇ ಕೆಡಿಸುತ್ತವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಜ್ಜಿಯದು. ಪಂಚಮಿ ಬರುತ್ತಿದೆ, ಮೊಮ್ಮಗಳಿಗೆ ಉಂಡಿ ಕೊಡಬಹುದೇ ಅಂತ. ಅಜ್ಜಿ, ಯಾವ ಮೊಮ್ಮಗಳು? ನೆಫ್ರೋಟಿಕ್ ಇದ್ದು ಮೂತ್ರ ತಿಳಿಯಾಗಿದ್ದರೆ ಒಂದು ಶೇಂಗಾ ಉಂಡಿ ತಿನ್ನಲಿ, ತಂಬಿಟ್ಟೂ ತಿನ್ನಲಿ. ಕಿಡ್ನಿ ಸವೆದಿದ್ದರೆ ಶೇಂಗಾ, ಎಳ್ಳು ಎರಡರಲ್ಲೂ ಪೊಟ್ಯಾಸಿಯಂ, ಫಾಸ್ಫರಸ್ ಜಾಸ್ತಿ, ಪೇಡೆಯಲ್ಲೂ ಫಾಸ್ಫರಸ್ ಇದೆ. ರವಾ ಉಂಡಿ ಒಂದು ಸಣ್ಣದು ಕಟ್ಟಿ, ತುಪ್ಪ ಹಾಕಿಯೇ ಕಟ್ಟಿ. ಜೋಳದ ಅಳ್ಳು ಕೊಡಿ, ಒಗ್ಗರಣೆಗೆ ಉಪ್ಪು ಹಾಕಬೇಡಿ. ಯಾವ ಕಾಯಿಲೆ ಎಂದು ನಿಮಗೆ ಖಾತ್ರಿಯಿಲ್ಲ ಅನ್ನುತ್ತಿದ್ದೀರಿ. ಹಾಗಾದರೆ ಫೈಲು ತಂದಿದ್ದರೆ ಇಲ್ಲೇ ನಿಲ್ಲಿ, ಜನ ಹೋಗಲಿ, ಇಬ್ಬರೂ ಕೂತು ನೋಡೋಣ.